"ಹುಟ್ಟಿದವನು, ಆದರೆ ಸೃಷ್ಟಿಯಾದವನಲ್ಲ": ಈ ಸಾಲು ಯಾರಿಗೆ ಕೊಟ್ಟ ಉತ್ತರ?

ಸುಮ್ನೆ_ಕೇಳ್ದೆ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಗೆಳೆಯನ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿತು ಅಂತ ಚರ್ಚಿಗೆ ಹೋಗಿದ್ದೆ. ಪೂಜೆ ಕನ್ನಡದಲ್ಲೇ ಇತ್ತು. ನಡುವೆ ಎಲ್ಲರೂ ಎದ್ದು ನಿಂತು ಉದ್ದದ ಪ್ರಾರ್ಥನೆಯೊಂದನ್ನು ಹೇಳಿದರು. ಪುಸ್ತಕ ನೋಡಿಕೊಂಡು ಹೇಳಿದವನು ನಾನೊಬ್ಬನೇ, ಉಳಿದವರಿಗೆಲ್ಲ ಬಾಯಿಪಾಠ.

ಅದರಲ್ಲಿ ಯೇಸುವಿನ ಬಗ್ಗೆ "ದೇವರಿಂದ ದೇವರು, ಬೆಳಕಿನಿಂದ ಬೆಳಕು, ನಿಜ ದೇವರಿಂದ ನಿಜ ದೇವರು, ಹುಟ್ಟಿದವನು, ಆದರೆ ಸೃಷ್ಟಿಯಾದವನಲ್ಲ" ಅನ್ನುವ ಅರ್ಥದ ಸಾಲುಗಳು ಬರುತ್ತವೆ. ನೆನಪಿನಿಂದ ಬರೆಯುತ್ತಿದ್ದೇನೆ, ಪದ ಆಚೀಚೆ ಆಗಿರಬಹುದು.

ಪ್ರಾರ್ಥನೆ ಅಂದರೆ ಬೇಡಿಕೆ ಇರುತ್ತೆ, ಇಲ್ಲವೇ ಹೊಗಳಿಕೆ ಇರುತ್ತೆ. ಇದು ಹಾಗಿಲ್ಲ. ಎದುರಿಗೆ ಯಾರೋ ನಿಂತು ವಾದ ಮಾಡುತ್ತಿದ್ದಾರೆ, ಇವರು ಕಡ್ಡಿ ಮುರಿದ ಹಾಗೆ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಾರೆ ಅನ್ನಿಸಿತು. "ಆದರೆ ಸೃಷ್ಟಿಯಾದವನಲ್ಲ" ಅಂತ ಒತ್ತಿ ಹೇಳಬೇಕಾದರೆ "ಸೃಷ್ಟಿಯಾದವನೇ" ಅಂತ ಯಾರೋ ಅಂದಿರಲೇಬೇಕಲ್ವಾ? ಯಾರವರು? ಗೆಳೆಯನನ್ನು ಕೇಳಿದರೆ "ಏನೋಪ್ಪ, ಚಿಕ್ಕಂದಿನಿಂದ ಹೇಳ್ತಾ ಬಂದಿದೀವಿ" ಅಂದ.

ರಾತ್ರಿಪಾಳಿ

ಐವತ್ತು ವರ್ಷದ ಮದುವೆ ಊಟಕ್ಕೆ ಹೋಗಿ ಇಂಥ ಪ್ರಶ್ನೆ ತಂದಿದ್ದೀರಲ್ಲ ಮಾರಾಯ್ರೆ. ಊಟಕ್ಕೆ ಏನಿತ್ತು?

ಅಡ್ಡಗೋಡೆ_ದೀಪ

ಹಳೇ ಕಥೆ. ಕ್ರಿ.ಶ. 325, ಕ್ರೈಸ್ತ ಬಿಷಪರ ನೈಸಿಯಾ ಮಹಾಸಭೆ. ಒಂದೇ ಒಂದು ಅಕ್ಷರದ ಜಗಳ. ಹೊಮೊಊಸಿಯಸ್ ಅಂದರೆ ತಂದೆ ಮಗ ಒಂದೇ ತಿರುಳು. ಹೊಮೊಇಊಸಿಯಸ್ ಅಂದರೆ ಒಂದೇ ತರಹದ ತಿರುಳು. ನಡುವೆ ಒಂದು 'ಇ' ಇದೆಯಾ ಇಲ್ವಾ ಅಂತ ರೋಮನ್ ಸಾಮ್ರಾಜ್ಯ ಹೊತ್ತಿ ಉರಿಯಿತು. ಕೆಲಸ ಇಲ್ಲದ ಬಡಗಿ ಅಂತ ಒಂದು ಗಾದೆ ಇದೆ. ಪೂರ್ತಿ ಬರೆದರೆ ನಿರ್ವಾಹಕರು ಅಳಿಸುತ್ತಾರೆ.

ಎರಡು_ಚುಕ್ಕೆ

@ಅಡ್ಡಗೋಡೆ_ದೀಪ ಎಲ್ಲರೂ ಹೇಳುವ ತಪ್ಪನ್ನೇ ನೀವೂ ಹೇಳಿದ್ದೀರಿ. 325ರಲ್ಲಿ ಆ 'ಇ' ಜಗಳ ಇರಲೇ ಇಲ್ಲ. 'ಒಂದೇ ತರಹ' ಅನ್ನುವ ಗುಂಪು ಎದ್ದು ಕಂಡದ್ದು 350ರ ದಶಕದಲ್ಲಿ. 358ರಲ್ಲಿ ಅಂಕಿರಾ ಊರಿನ ಬಿಷಪ್ ಬೇಸಿಲ್ ಆ ಕಡೆಯವರನ್ನು ಸೇರಿಸಿ ಸಭೆ ಮಾಡಿದ. ಇವತ್ತಿನ ಅಂಕಾರಾ ಅದು. ನೈಸಿಯಾದಲ್ಲಿ ಎದುರಾಳಿ ಇದ್ದದ್ದು ಆರಿಯಸ್. ಅವನಿಗೆ 'ಒಂದೇ'ಯೂ ಬೇಡ, 'ಒಂದೇ ತರಹ'ವೂ ಬೇಡ.

ಇನ್ನು ಒಂದಕ್ಷರ ಅಂದರೆ ಅಷ್ಟು ಸಸಾರವಾ? ಹಾಲಿಗೂ ಹಾಳಿಗೂ ಇರುವುದು ಒಂದಕ್ಷರವೇ. ಗೃಹಪ್ರವೇಶದ ಆಮಂತ್ರಣದಲ್ಲಿ "ಹಾಲು ಉಕ್ಕಿಸುವುದು" ಅಂತ ಬರೆಯುವ ಕಡೆ ತಪ್ಪಿಸಿ ನೋಡಿ, ಅತ್ತೆ ಮನೆಯವರು ಏನಂತಾರೆ ಅಂತ.

ಹಳೇ_ಪುಸ್ತಕ

ಮೂಲ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಿವಿ ಚುರುಕಾಗಿದೆ. ಅದು ನಿಜವಾಗಿಯೂ ಒಬ್ಬ ವ್ಯಕ್ತಿಗೆ ಕೊಟ್ಟ ಉತ್ತರವೇ.

ಆರಿಯಸ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಪಾದ್ರಿ. ಬೌಕಾಲಿಸ್ ಅನ್ನುವ ಕಡೆಯ ಚರ್ಚ್ ಅವನದು. ಎತ್ತರದ ಆಳು, ಮೆಲುದನಿ, ಸರಳ ಬದುಕು ಅಂತ ಅವನ ವಿರೋಧಿಗಳೇ ಬರೆದಿದ್ದಾರೆ. ಸುಮಾರು 318ರ ಹೊತ್ತಿಗೆ ತನ್ನ ಬಿಷಪ್ ಅಲೆಕ್ಸಾಂಡರ್ ಜೊತೆ ಅವನಿಗೆ ವಾದ ಹತ್ತಿಕೊಂಡಿತು. ಆರಿಯಸ್ ಹೇಳಿದ್ದು ಇಷ್ಟು: ದೇವರು ಒಬ್ಬನೇ, ಅವನಿಗೆ ಮೊದಲಿಲ್ಲ. ಮಗ ಅಂದಮೇಲೆ ತಂದೆ ಮೊದಲು ಇರಬೇಕು. ಹಾಗಾದರೆ ಮಗ ಇಲ್ಲದ ಒಂದು ಹಂತ ಇತ್ತು. ಮಗ ಎಷ್ಟೇ ದೊಡ್ಡವನಾದರೂ, ಎಲ್ಲಕ್ಕಿಂತ ಮೊದಲು ಹುಟ್ಟಿದವನಾದರೂ, ದೇವರು ಸೃಷ್ಟಿಸಿದವನೇ.

ನಮ್ಮ ನಿಮ್ಮಂಥವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ, ಅದೇ ಅದರ ಬಲ. ಬೈಬಲಿನಲ್ಲೂ ಅವನಿಗೆ ಆಧಾರ ಇತ್ತು. ಯೋಹಾನನ ಸುವಾರ್ತೆಯಲ್ಲಿ ಯೇಸುವೇ ತಂದೆ ನನಗಿಂತ ದೊಡ್ಡವನು ಅನ್ನುತ್ತಾನೆ. ಅದೇ ಪುಸ್ತಕದಲ್ಲಿ "ನಾನೂ ತಂದೆಯೂ ಒಂದಾಗಿದ್ದೇವೆ" ಅಂತಲೂ ಇದೆ. ಒಬ್ಬರು ಒಂದು ಸಾಲು ಹಿಡಿದರು, ಇನ್ನೊಬ್ಬರು ಇನ್ನೊಂದನ್ನು.

ಕರಾವಳಿ_ಕೊಡೆ

ನಾನು ಕ್ಯಾಥೊಲಿಕ್. ನಾಚಿಕೆ ಬಿಟ್ಟು ಹೇಳುತ್ತೇನೆ, ಮೂವತ್ತು ವರ್ಷದಿಂದ ಆ ಸಾಲು ಹೇಳುತ್ತಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಬಂದಿಲ್ಲ. ನಮಗೆ ಈ ವಿಶ್ವಾಸದ ಪ್ರಾರ್ಥನೆ ದೊಡ್ಡದು, ಚಿಕ್ಕದು ಅಂತ ಎರಡಿವೆ. ಚಿಕ್ಕದರಲ್ಲಿ ಈ ವಾದದ ಸಾಲುಗಳಿಲ್ಲ. ತಡವಾದ ದಿನ ಚಿಕ್ಕದನ್ನು ಶುರು ಮಾಡಿದರೆ ಹಿಂದಿನ ಬೆಂಚಿನವರಿಗೆಲ್ಲ ಸಮಾಧಾನ.

ಗಂಟೆಗೋಪುರ

ನಾವು ಸಿಎಸ್‌ಐ, ಅಂದರೆ ಪ್ರೊಟೆಸ್ಟಂಟರು. ನಮ್ಮಲ್ಲೂ ಎರಡೂ ಇವೆ. ದೊಡ್ಡದನ್ನು ಹೆಚ್ಚಾಗಿ ಪ್ರಭುಭೋಜನ ಇರುವ ಭಾನುವಾರ ಹೇಳುತ್ತೇವೆ. ಮಿಕ್ಕ ವಿಷಯಕ್ಕೆ ನಮಗೂ ಕ್ಯಾಥೊಲಿಕರಿಗೂ ಎಷ್ಟೇ ತಕರಾರು ಇದ್ದರೂ ಇದು ಇಬ್ಬರಿಗೂ ಒಂದೇ.

ಧಾರವಾಡದ_ಫೇಡೆ

ಒಂದು ಡೌಟ್ ರೀ. ದ್ವೈತ, ಅದ್ವೈತ, ವಿಶಿಷ್ಟಾದ್ವೈತ ಅಂತ ನಮ್ಮಲ್ಲೂ ಇದೇ ಜಗಳ ಇತ್ತಲ್ಲ? ಜೀವ, ದೇವರು ಒಂದೇನಾ ಬೇರೆನಾ ಅಂತ. ಸಾವಿರ ವರ್ಷ ಆಯ್ತು, ಇವತ್ತಿಗೂ ಮೂವರೂ ಅವರವರ ಮಠದೊಳಗೆ ಆರಾಮ ಇದ್ದಾರೆ. ಅಲ್ಲಿ ಮಾತ್ರ ಯಾಕೆ ಒಬ್ಬರು ಗೆದ್ದು ಇನ್ನೊಬ್ಬರು ಕಾಣೆ ಆಗಬೇಕಾಯಿತು?

ಹಳೇ_ಪುಸ್ತಕ

@ಧಾರವಾಡದ_ಫೇಡೆ ವಿಷಯ ಒಂದೇ ಅಲ್ಲ. ಇಲ್ಲಿ ಜೀವ ಮತ್ತು ದೇವರ ಪ್ರಶ್ನೆ, ಅಲ್ಲಿ ಮಗ ಮತ್ತು ತಂದೆಯ ಪ್ರಶ್ನೆ. ಆದರೆ ನಿಮ್ಮ ಎರಡನೇ ಪ್ರಶ್ನೆ ಒಳ್ಳೆಯದು. ಒಂದೇ ಪದದಲ್ಲಿ ಉತ್ತರ: ಚಕ್ರವರ್ತಿ.

ಕಾನ್‌ಸ್ಟಂಟೈನ್ 324ರಲ್ಲಿ ಲಿಸಿನಿಯಸ್‌ನನ್ನು ಸೋಲಿಸಿ ಇಡೀ ಸಾಮ್ರಾಜ್ಯಕ್ಕೆ ಒಬ್ಬನೇ ದೊರೆಯಾದ. ಪೂರ್ವಕ್ಕೆ ಬಂದು ನೋಡಿದರೆ ಕ್ರೈಸ್ತರು ತಮ್ಮ ತಮ್ಮಲ್ಲೇ ಕಿತ್ತಾಡುತ್ತಿದ್ದಾರೆ. ಆರಿಯಸ್‌ಗೂ ಅಲೆಕ್ಸಾಂಡರ್‌ಗೂ ಸೇರಿಸಿ ಒಂದು ಕಾಗದ ಬರೆದು, ಕಾರ್ಡೊಬಾದ ಬಿಷಪ್ ಹೋಸಿಯಸ್ ಕೈಲಿ ಕಳಿಸಿದ. ಕಾಗದ ಇವತ್ತಿಗೂ ಉಳಿದಿದೆ. ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಜಗಳ, ನನ್ನ ನೆಮ್ಮದಿಯ ಹಗಲು, ಚಿಂತೆಯಿಲ್ಲದ ರಾತ್ರಿ ನನಗೆ ವಾಪಸ್ ಕೊಡಿ ಅಂತ ಗೋಗರೆಯುತ್ತಾನೆ. ಅದು ಆಗಲಿಲ್ಲ. ಆಗ ಸಭೆ ಕರೆದ.

ಅಡ್ಡಗೋಡೆ_ದೀಪ

ನೋಡಿ, ಚಕ್ರವರ್ತಿಯೇ ಚಿಕ್ಕ ವಿಷಯ ಅಂದಿದ್ದಾನೆ. ನಾನು ಅಂದರೆ ಮಾತ್ರ ತಪ್ಪು.

ರಾತ್ರಿಪಾಳಿ

"ನನ್ನ ನೆಮ್ಮದಿಯ ರಾತ್ರಿ ವಾಪಸ್ ಕೊಡಿ." ಇದನ್ನು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ಬೆಳ್ತಂಗಡಿ_ರಬ್ಬರ್

ಸಭೆಗೆ 318 ಬಿಷಪರು ಬಂದಿದ್ದರು ಅಂತ ನಮ್ಮ ವೇದಪಾಠದಲ್ಲಿ ಕಲಿತ ನೆನಪು. ಸರೀನಾ?

ಎರಡು_ಚುಕ್ಕೆ

318 ಅನ್ನುವುದು ಆಮೇಲೆ ಗಟ್ಟಿಯಾದ ಸಂಖ್ಯೆ. ಆದಿಕಾಂಡದಲ್ಲಿ ಅಬ್ರಹಾಮ 318 ಆಳುಗಳನ್ನು ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಾನೆ. ಅದಕ್ಕೆ ಹೊಂದಿಸಿದ ಲೆಕ್ಕ ಅದು. ಸಭೆಯಲ್ಲಿ ಕೂತಿದ್ದ ಸಿಸೇರಿಯಾದ ಯುಸೇಬಿಯಸ್ 250ಕ್ಕೂ ಹೆಚ್ಚು ಅನ್ನುತ್ತಾನೆ. ಮುಂದೆ ಅಲೆಕ್ಸಾಂಡ್ರಿಯಾದ ಬಿಷಪ್ ಆದ ಅಥನಾಸಿಯಸ್ ಸುಮಾರು 300 ಅನ್ನುತ್ತಾನೆ. ಪಶ್ಚಿಮದಿಂದ ಬಂದವರು ಬೆರಳೆಣಿಕೆ. ರೋಮಿನ ಪೋಪ್ ತಾನು ಬರದೆ ಇಬ್ಬರು ಪಾದ್ರಿಗಳನ್ನು ಕಳಿಸಿದ.

ಹಳೇ_ಪುಸ್ತಕ

ಆ ದೃಶ್ಯ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಹದಿನೈದು ವರ್ಷದ ಹಿಂದೆ ಇದೇ ಜನರನ್ನು ಸರ್ಕಾರ ಹಿಡಿದು ಹಿಂಸೆ ಕೊಟ್ಟಿತ್ತು. ಗಣಿಗೆ ಅಟ್ಟಿತ್ತು. ಪಾಫ್ನೂಷಿಯಸ್ ಅನ್ನುವ ಈಜಿಪ್ಟಿನ ಬಿಷಪನಿಗೆ ಒಂದು ಕಣ್ಣೇ ಇರಲಿಲ್ಲ ಅಂತ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಅಂಥವರು ಈಗ ಸರ್ಕಾರಿ ಕುದುರೆ ಗಾಡಿಯಲ್ಲಿ, ಸರ್ಕಾರದ ಖರ್ಚಲ್ಲಿ ಬಂದು ಅರಮನೆಯ ಅಂಗಳದಲ್ಲಿ ಕೂತಿದ್ದಾರೆ. ಚಕ್ರವರ್ತಿ ನೇರಳೆ ನಿಲುವಂಗಿ ತೊಟ್ಟು ಬಂದ. ಚಿನ್ನದ ಪುಟ್ಟ ಪೀಠ ಇಟ್ಟಿದ್ದರೂ ಬಿಷಪರು ಸನ್ನೆ ಮಾಡುವ ತನಕ ಕೂರಲಿಲ್ಲ.

ಅವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಒಬ್ಬರ ಮೇಲೆ ಒಬ್ಬರು ಬರೆದ ದೂರುಪತ್ರದ ಕಟ್ಟನ್ನು ಅವನ ಕೈಗೆ ಕೊಟ್ಟರು. ಅವನು ಓದದೆ ಎಲ್ಲವನ್ನೂ ಸುಟ್ಟು ಹಾಕಿಸಿದ ಅಂತ ಕಥೆ.

ಕರಾವಳಿ_ಕೊಡೆ

ದೂರುಪತ್ರ! ಪ್ಯಾರಿಷ್ ಕೌನ್ಸಿಲ್ ಮೀಟಿಂಗಿಗೆ ಹೋದವರಿಗೆ ಇದರಲ್ಲಿ ಹೊಸತೇನೂ ಇಲ್ಲ ಸರ್.

ಹಳೇ_ಪುಸ್ತಕ

ಸರ್ ಅಲ್ಲ, ಮೇಡಂ. ಪರವಾಗಿಲ್ಲ.

ಸುಮ್ನೆ_ಕೇಳ್ದೆ

ಮೇಡಂ, ಹಾಗಾದರೆ ಆ ಸಾಲು ಅಲ್ಲೇ ಬರೆದದ್ದಾ? ಆರಿಯಸ್ ಏನಾದ?

ಹಳೇ_ಪುಸ್ತಕ

ಅಲ್ಲೇ. "ಹುಟ್ಟಿದವನು, ಸೃಷ್ಟಿಯಾದವನಲ್ಲ, ತಂದೆಯೊಂದಿಗೆ ಒಂದೇ ತಿರುಳಿನವನು." ಸಂಧಾನಕ್ಕೆ ಜಾಗವೇ ಇಲ್ಲದಂತೆ ಬರೆದರು. ಬೈಬಲಿನ ಮಾತುಗಳನ್ನೇ ಇಟ್ಟಿದ್ದರೆ ಆರಿಯಸ್ ಕಡೆಯವರು "ಹೌದೌದು, ನಾವೂ ಒಪ್ಪುತ್ತೇವೆ" ಅಂದು ತಮ್ಮದೇ ಅರ್ಥ ಹಚ್ಚುತ್ತಿದ್ದರು ಅಂತ ಅಥನಾಸಿಯಸ್ ಬರೆದಿದ್ದಾನೆ. ಅದಕ್ಕೇ ಬೈಬಲಿನಲ್ಲಿ ಇಲ್ಲದ 'ಹೊಮೊಊಸಿಯಸ್' ತಂದರು. ಅವರು ಸಹಿ ಹಾಕಲಾರದ ಪದ ಅಂತಲೇ ಅದು ಬೇಕಾಗಿತ್ತು.

ಬಹಳ ಜನಕ್ಕೆ ಆ ಪದ ನುಂಗಲಾರದ ತುತ್ತು. ಮೊದಲು ಸಮೊಸಾಟಾದ ಪೌಲ ಅನ್ನುವವನು ಆ ಪದ ಬಳಸಿದ್ದ ಅಂತ 268ರ ಅಂತಿಯೋಕ್ಯ ಸಭೆ ಅದನ್ನು ಬೇಡ ಅಂದಿತ್ತಂತೆ. ಆದರೂ ಚಕ್ರವರ್ತಿ ಎದುರಿಗೆ ಕೂತಿದ್ದಾನೆ. ಕೊನೆಗೆ ಒಪ್ಪದೆ ಉಳಿದ ಬಿಷಪರು ಇಬ್ಬರೇ, ಇಬ್ಬರೂ ಲಿಬಿಯಾ ಕಡೆಯವರು: ಸೆಕುಂಡಸ್ ಮತ್ತು ಥಿಯೊನಾಸ್. ಅವರನ್ನೂ ಆರಿಯಸ್‌ನನ್ನೂ ಗಡೀಪಾರು ಮಾಡಿದರು. ಆಮೇಲೆ ಆರಿಯಸ್‌ನ ಪುಸ್ತಕ ಸುಡಬೇಕು, ಬಚ್ಚಿಟ್ಟವರಿಗೆ ಮರಣದಂಡನೆ ಅಂತ ಆಜ್ಞೆಯೂ ಬಂತು.

ಎರಡು_ಚುಕ್ಕೆ

ಒಂದು ಚಿಕ್ಕ ತಿದ್ದುಪಡಿ. @ಸುಮ್ನೆ_ಕೇಳ್ದೆ ಕೇಳಿಸಿಕೊಂಡದ್ದು 325ರ ಪಠ್ಯ ಅಲ್ಲ, 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಲ್ಲಿ ಬಂದ ಪಠ್ಯ. ಆ ಸಾಲು ಎರಡರಲ್ಲೂ ಇದೆ. 325ರದ್ದು "ಪವಿತ್ರಾತ್ಮನನ್ನೂ ನಂಬುತ್ತೇವೆ" ಅಂತ ಮುಗಿದು, ಕೆಳಗೆ ಒಂದು ಶಾಪ ಇತ್ತು. "ಅವನು ಇಲ್ಲದ ಕಾಲ ಒಂದಿತ್ತು ಅನ್ನುವವರನ್ನು ಸಭೆ ಹೊರಗೆ ಹಾಕುತ್ತದೆ" ಅನ್ನುವ ಧಾಟಿಯದು. ಅದನ್ನು ಈಗ ಯಾರೂ ಹೇಳುವುದಿಲ್ಲ.

ರಾತ್ರಿಪಾಳಿ

ಸಾಂತಾ ಕ್ಲಾಸ್ ಆರಿಯಸ್ ಕೆನ್ನೆಗೆ ಬಾರಿಸಿದ್ದು ಇದೇ ಸಭೆಯಲ್ಲಿ ಅಲ್ವಾ? ಡಿಸೆಂಬರ್ ಬಂದರೆ ಮೀಮ್ ಓಡಾಡುತ್ತೆ.

ಎರಡು_ಚುಕ್ಕೆ

ಸಂತ ನಿಕೋಲಸ್ ಬಗ್ಗೆ ಆ ಕಥೆ ಹುಟ್ಟಿದ್ದು ನೂರಾರು ವರ್ಷ ಆದಮೇಲೆ. ಇನ್ನೊಂದು ಪುಕಾರು, ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಅಂತ ನೈಸಿಯಾದಲ್ಲಿ ಮತ ಹಾಕಿದರು ಅನ್ನುವುದು. ಅದೂ ಸುಳ್ಳು. ಅಲ್ಲಿ ಆದದ್ದು ಈ ವಿಶ್ವಾಸದ ಪಠ್ಯ, ಈಸ್ಟರ್ ದಿನದ ಲೆಕ್ಕ, ಇನ್ನು 20 ನಿಯಮಗಳು. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಸರಿಯಾಗಿ ಸಿಗುವುದು 367ರಲ್ಲಿ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ.

ಅಡ್ಡಗೋಡೆ_ದೀಪ

ಸರಿ, ಪುಸ್ತಕ ಸುಟ್ಟರು, ಗಡೀಪಾರು ಮಾಡಿದರು, ಕಥೆ ಮುಗಿಯಿತು. ಇದನ್ನೇ ನಾನು ಹೇಳಿದ್ದು. ಕತ್ತಿ ಯಾರ ಕೈಲಿದೆಯೋ ಅವರ ತತ್ವ ಸರಿ.

ಹಳೇ_ಪುಸ್ತಕ

ಕಥೆ ಮುಗಿಯಲಿಲ್ಲ. ಅಲ್ಲೇ ಶುರುವಾದದ್ದು. ಕತ್ತಿ ಇದ್ದವರೇ ಗೆಲ್ಲುವುದಾದರೆ ಆರಿಯಸ್ ಪಕ್ಷವೇ ಗೆಲ್ಲಬೇಕಿತ್ತು.

ಮೂರೇ ವರ್ಷದಲ್ಲಿ ಗಾಳಿ ತಿರುಗಿತು. ನಿಕೊಮೀಡಿಯಾದ ಬಿಷಪ್ ಇನ್ನೊಬ್ಬ ಯುಸೇಬಿಯಸ್, ಆರಿಯಸ್‌ನ ಬೆಂಬಲಿಗ. ಸಭೆ ಮುಗಿದ ಮೇಲೆ ಅವನನ್ನೂ ಗಡೀಪಾರು ಮಾಡಿದ್ದರು, ವಾಪಸ್ ಬಂದು ಅರಮನೆಗೆ ಹತ್ತಿರದವನಾದ. 337ರಲ್ಲಿ ಸಾಯುವ ಮೊದಲು ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು ಅವನ ಕೈಯಿಂದಲೇ! ನೈಸಿಯಾ ಸಭೆ ಕರೆದ ದೊರೆಗೆ ಕೊನೆಗೆ ನೀರು ಹಾಕಿದವನು ಆರಿಯಸ್ ಕಡೆಯವನು.

ನೈಸಿಯಾ ಪರ ನಿಂತ ಅಥನಾಸಿಯಸ್ 328ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಆದ. ಅವನನ್ನು ಐದು ಸಲ ಊರು ಬಿಡಿಸಿದರು. ಒಟ್ಟು 17 ವರ್ಷ ಹೊರಗೆ. 335ರ ಟೈರ್ ಸಭೆಯ ವಿಚಾರಣೆ ಕೇಳಿ: ಆರ್ಸೇನಿಯಸ್ ಅನ್ನುವವನನ್ನು ಕೊಂದು, ಮಾಟಕ್ಕೆ ಅಂತ ಅವನ ಕೈ ಕತ್ತರಿಸಿದ್ದಾನೆ ಅಂತ ಆರೋಪ. ಒಣಗಿದ ಒಂದು ಕೈಯನ್ನೇ ಸಾಕ್ಷಿಯಾಗಿ ಇಟ್ಟರು. ಅಥನಾಸಿಯಸ್ ಮುಸುಕು ಹಾಕಿದ ಒಬ್ಬನನ್ನು ಕರೆತಂದು ಮುಖ ತೋರಿಸಿದ. ಆರ್ಸೇನಿಯಸ್! ಆಮೇಲೆ ಬಟ್ಟೆ ಸರಿಸಿ ಒಂದು ಕೈ ತೋರಿಸಿದ, ಸ್ವಲ್ಪ ತಡೆದು ಇನ್ನೊಂದು ತೋರಿಸಿದ. ಮೂರನೇ ಕೈ ಇತ್ತಾ ಅಂತ ಈಗ ನೀವೇ ಹೇಳಿ ಅಂದನಂತೆ.

ಆದರೂ ಬಿಡಲಿಲ್ಲ. ಅಲೆಕ್ಸಾಂಡ್ರಿಯಾದಿಂದ ರಾಜಧಾನಿಗೆ ಹೋಗುವ ಧಾನ್ಯದ ಹಡಗು ನಿಲ್ಲಿಸುತ್ತೇನೆ ಅಂತ ಬೆದರಿಸಿದ್ದಾನೆ ಅಂತ ಹೊಸ ದೂರು ಕೊಟ್ಟರು. ಕೊಲೆ ಆರೋಪಕ್ಕೆ ಬಗ್ಗದ ಚಕ್ರವರ್ತಿ ಧಾನ್ಯದ ಹೆಸರು ಕೇಳಿದ ಕೂಡಲೇ ಟ್ರಿಯರ್‌ಗೆ ಅಟ್ಟಿದ. ಇವತ್ತಿನ ಜರ್ಮನಿ.

ಗಂಟೆಗೋಪುರ

ಅಥನಾಸಿಯಸ್‌ನನ್ನು ತೀರಾ ದೇವತಾಮನುಷ್ಯ ಮಾಡಬೇಡಿ ಮೇಡಂ. ಅವನ ಕಡೆಯವರೂ ಎದುರಾಳಿಗಳನ್ನು ಹೊಡೆದು ಬಡಿದದ್ದು ಉಂಟು. ಅವನ ಮಾತನ್ನೇ ನಂಬಿಕೊಂಡರೆ ಹೇಗೆ? ಆರಿಯಸ್ 'ಥಾಲಿಯಾ' ಅಂತ ಪದ್ಯ ಬರೆದಿದ್ದ. ಅದರ ಚೂರುಪಾರು ಉಳಿದಿರುವುದೇ ಅಥನಾಸಿಯಸ್ ಬೈಯಲು ಎತ್ತಿಕೊಂಡ ಸಾಲುಗಳಲ್ಲಿ. 336ರಲ್ಲಿ ಆರಿಯಸ್‌ನನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುವ ಹಿಂದಿನ ದಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪಾಯಿಖಾನೆಗೆ ಹೋದಾಗ ಹೊಟ್ಟೆ ಒಡೆದು ಸತ್ತ ಅಂತ ಬರೆದವನೂ ಇವನೇ. ಎದುರಾಳಿ ಬರೆದ ಮರಣವಾರ್ತೆ ಅದು. ಕೆಲವರು ವಿಷ ಹಾಕಿರಬೇಕು ಅಂತಾರೆ.

ಹಳೇ_ಪುಸ್ತಕ

ಒಪ್ಪಿದೆ. ಅವನು ಹಟಮಾರಿ, ಒರಟ. ಬಯ್ಯುವುದರಲ್ಲಿ ಎತ್ತಿದ ಕೈ. ಆದರೂ 359ರ ಹೊತ್ತಿಗೆ 'ಒಂದೇ ತರಹ' ಅನ್ನುವ ಬೇಸಿಲ್ ಗುಂಪಿನವರನ್ನು ಇವರು ಶತ್ರುಗಳಲ್ಲ, ಅಣ್ಣತಮ್ಮಂದಿರು, ಪದ ಬೇರೆ ಅಷ್ಟೇ ಅಂತ ಬರೆದ. ಆ 'ಇ' ಅಕ್ಷರಕ್ಕಾಗಿ ಉರಿದು ಬಿದ್ದ ಅಂತ ಹೇಳುವವರು ಇದನ್ನು ಓದಿರುವುದಿಲ್ಲ.

ಧಾರವಾಡದ_ಫೇಡೆ

ಸಾಮಾನ್ಯ ಜನಕ್ಕೆ ಇದರಲ್ಲಿ ಏನಿತ್ತು ರೀ? ಬಿಷಪರು, ದೊರೆಗಳು ಕಿತ್ತಾಡಿದರು. ರೊಟ್ಟಿ ಮಾರುವವನಿಗೆ ತಿರುಳು ಒಂದಾದರೇನು, ಎರಡಾದರೇನು?

ಎರಡು_ಚುಕ್ಕೆ

ರೊಟ್ಟಿ ಮಾರುವವನನ್ನೇ ಕೇಳಿದಿರಾ! ನಿಸ್ಸಾದ ಗ್ರೆಗರಿ 383ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗೊಣಗಿದ್ದು ಇದನ್ನೇ. ರೊಟ್ಟಿಗೆ ಎಷ್ಟಪ್ಪಾ ಅಂತ ಕೇಳಿದರೆ ತಂದೆ ದೊಡ್ಡವನು, ಮಗ ಅವನಿಗೆ ಅಧೀನ ಅಂತಾನಂತೆ. ಸ್ನಾನಕ್ಕೆ ನೀರು ಕಾದಿದೆಯಾ ಅಂದರೆ ಮಗ ಶೂನ್ಯದಿಂದ ಉಂಟಾದವನು ಅಂತಾನಂತೆ. ಚಿಲ್ಲರೆ ಕೊಡುವವನೂ ಇದನ್ನೇ ಮಾತಾಡುತ್ತಾನೆ ಅಂತ.

ಇನ್ನು ಆರಿಯಸ್ ಹಡಗಿನವರಿಗೆ, ಬೀಸುಕಲ್ಲಿನವರಿಗೆ, ದಾರಿ ನಡೆಯುವವರಿಗೆ ಹಾಡಿಕೊಳ್ಳಲಿ ಅಂತ ಹಾಡು ಕಟ್ಟಿದ್ದ ಅಂತ ಅವನ ಕಡೆಯ ಚರಿತ್ರೆಕಾರ ಫಿಲೊಸ್ಟೊರ್ಜಿಯಸ್ ಬರೆದಿದ್ದಾನೆ. ತತ್ವ ಬೀದಿಗೆ ಇಳಿದದ್ದು ಹಾಡಿನ ಮೂಲಕ.

ಕರಾವಳಿ_ಕೊಡೆ

ಬೀಸುವ ಕಲ್ಲಿನ ಪದದಲ್ಲಿ ದೇವರ ಬಗ್ಗೆ ವಾದ. ಇದು ನನಗೆ ಬಹಳ ಹಿಡಿಸಿತು.

ಅಡ್ಡಗೋಡೆ_ದೀಪ

342ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೈಸಿಯಾ ಕಡೆಯ ಬಿಷಪ್ ಪೌಲನನ್ನು ತೆಗೆಯಲು ಬಂದ ಸೇನಾಧಿಕಾರಿ ಹರ್ಮೊಜಿನೀಸ್‌ನನ್ನು ಜನ ಬೀದಿಯಲ್ಲಿ ಎಳೆದಾಡಿ ಕೊಂದರು. ಚಕ್ರವರ್ತಿ ಶಿಕ್ಷೆ ಅಂತ ಊರಿನ ಪುಕ್ಕಟೆ ಧಾನ್ಯವನ್ನು ಅರ್ಧ ಮಾಡಿದ. ರೊಟ್ಟಿ ಮಾರುವವನಿಗೆ ಆಗ ಗೊತ್ತಾಗಿರುತ್ತೆ ತಿರುಳಿನ ಬೆಲೆ.

ಹಳೇ_ಪುಸ್ತಕ

ನಿಮ್ಮ ಉದಾಹರಣೆ ನಿಮ್ಮ ವಾದಕ್ಕೇ ತಿರುಗಿತು, ಗಮನಿಸಿದಿರಾ? ಬರೀ ರಾಜಕೀಯ ಆಗಿದ್ದರೆ ಜನ ಬೀದಿಗೆ ಬರುತ್ತಿರಲಿಲ್ಲ.

ಅಥನಾಸಿಯಸ್ ವಾದದ ಮುಖ್ಯ ಎಳೆ ತರ್ಕಕ್ಕಿಂತ ಪೂಜೆಗೆ ಹತ್ತಿರ. ನಾವು ಕ್ರಿಸ್ತನಿಗೆ ಕೈ ಮುಗಿಯುತ್ತೇವೆ. ಅವನು ಸೃಷ್ಟಿಯಾದವನು ಅಂದರೆ ನಾವು ಸೃಷ್ಟಿಗೆ ಕೈ ಮುಗಿದಂತೆ. ಅಷ್ಟೇ ಅಲ್ಲ, ಮುಳುಗುತ್ತಿರುವ ಒಬ್ಬನನ್ನು ಮುಳುಗುತ್ತಿರುವ ಇನ್ನೊಬ್ಬ ಎತ್ತಲಾರ. ಈ ಹೋಲಿಕೆ ನನ್ನದು, ಅವನದಲ್ಲ. ಆದರೆ ವಾದ ಅವನದೇ: ದೇವರೇ ಕೆಳಗೆ ಇಳಿದು ಬರದಿದ್ದರೆ ಮನುಷ್ಯನನ್ನು ಮೇಲೆ ಎತ್ತುವವರು ಯಾರು? ಇದು ರೊಟ್ಟಿ ಮಾರುವವನಿಗೂ ಅರ್ಥವಾಗುವ ಪ್ರಶ್ನೆ.

ಅಡ್ಡಗೋಡೆ_ದೀಪ

ಆರಿಯಸ್ ಕಡೆಯವನೂ ಹಾಗೇ ಕೇಳಬಹುದಲ್ಲ? ದೇವರು ಹಸಿಯುತ್ತಾನಾ, ಅಳುತ್ತಾನಾ, ಶಿಲುಬೆ ಮೇಲೆ ಸಾಯುತ್ತಾನಾ? ಅದು ದೇವರಿಗೆ ಅವಮಾನ ಅಂತ.

ಹಳೇ_ಪುಸ್ತಕ

ಕೇಳಿದರು, ಇದನ್ನೇ ಕೇಳಿದರು. ಅವರದ್ದೂ ಭಕ್ತಿಯೇ. ನಾನು ಅವರನ್ನು ದುಷ್ಟರು ಅನ್ನುತ್ತಿಲ್ಲ.

ರಾತ್ರಿಪಾಳಿ

ಈ ವೇದಿಕೆಯಲ್ಲಿ ಇಬ್ಬರು ಒಬ್ಬರ ಮಾತನ್ನು ಒಬ್ಬರು ಒಪ್ಪಿದ ಹಾಗೆ ಕಾಣಿಸಿತು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಎರಡು_ಚುಕ್ಕೆ

ಅನುವಾದದ ಒಂದು ಮಜಾ ಹೇಳಲೇಬೇಕು. ಆರಿಯಸ್ ಕಡೆಯವರ ಬ್ರಹ್ಮಾಸ್ತ್ರ ಜ್ಞಾನೋಕ್ತಿಗಳು 8ನೇ ಅಧ್ಯಾಯದ 22ನೇ ವಚನ. ಅಲ್ಲಿ ಜ್ಞಾನವೇ ಮಾತಾಡುತ್ತದೆ. ಗ್ರೀಕ್ ಅನುವಾದದಲ್ಲಿ "ಕರ್ತನು ನನ್ನನ್ನು ಸೃಷ್ಟಿಸಿದನು" ಅಂತಿದೆ. ಹೀಬ್ರೂ ಮೂಲದ ಕ್ರಿಯಾಪದಕ್ಕೆ 'ಪಡೆದನು' ಅಂತಲೂ ಅರ್ಥ ಇದೆ. ಕನ್ನಡದಲ್ಲಿ "ಮಗುವನ್ನು ಪಡೆದಳು" ಅಂತೀವಲ್ಲ, ಹಾಗೆ. ಆದರೆ ಜಗಳ ಆಡಿದವರಲ್ಲಿ ಹೆಚ್ಚಿನವರಿಗೆ ಹೀಬ್ರೂ ಬರುತ್ತಿರಲಿಲ್ಲ. ಎರಡೂ ಕಡೆಯವರು 'ಸೃಷ್ಟಿಸಿದನು' ಅನ್ನುವುದನ್ನೇ ಇಟ್ಟುಕೊಂಡು ಹಗ್ಗ ಜಗ್ಗಿದರು.

ಗಂಟೆಗೋಪುರ

ಮಧ್ಯದಲ್ಲಿ ಜೂಲಿಯನ್ ಬಂದದ್ದು ಬಿಟ್ಟಿರಿ. 361ರಲ್ಲಿ ಚಕ್ರವರ್ತಿಯಾದ, ಹಳೆಯ ದೇವರುಗಳ ಭಕ್ತ. ಗಡೀಪಾರಾದ ಎಲ್ಲ ಬಿಷಪರನ್ನೂ ವಾಪಸ್ ಬಿಟ್ಟ. ಧರ್ಮಕ್ಕಲ್ಲ. ಎಲ್ಲರೂ ಊರಿಗೆ ಬಂದರೆ ತಾವೇ ಹೊಡೆದಾಡಿಕೊಳ್ಳುತ್ತಾರೆ ಅಂತ! ಕ್ರೈಸ್ತರು ಒಬ್ಬರಿಗೊಬ್ಬರು ಕಾಡುಮೃಗಗಳಿಗಿಂತ ಕಡೆ ಅಂತ ಅವನಿಗೆ ಅನುಭವದಿಂದ ಗೊತ್ತಿತ್ತು ಅಂತ ಆ ಕಾಲದ ಚರಿತ್ರೆಕಾರ ಅಮ್ಮಿಯಾನಸ್ ಬರೆದಿದ್ದಾನೆ. ಜೂಲಿಯನ್‌ಗಿಂತ ಮೊದಲು ಬಿಷಪರು ಸಭೆಯಿಂದ ಸಭೆಗೆ ಓಡಾಡಿ ಸರ್ಕಾರಿ ಕುದುರೆ ಅಂಚೆಯನ್ನೇ ಹಾಳು ಮಾಡಿದರು ಅಂತಲೂ ಅವನದೇ ದೂರು.

ಬೆಳ್ತಂಗಡಿ_ರಬ್ಬರ್

ಕೊನೆಗೆ ನೈಸಿಯಾ ಪಕ್ಷ ಗೆದ್ದದ್ದು ಹೇಗೆ?

ಹಳೇ_ಪುಸ್ತಕ

ಕಾನ್‌ಸ್ಟಂಟೈನ್ ಮಗ, ಚಕ್ರವರ್ತಿ ಕಾನ್‌ಸ್ಟಾಂಷಿಯಸ್ 359–60ರಲ್ಲಿ ತಿರುಳಿನ ಮಾತೇ ಬೇಡ, ಮಗ ತಂದೆಯ ಹಾಗೆ ಇದ್ದಾನೆ ಅಂತಷ್ಟೇ ಹೇಳಿ ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಡೀ ಲೋಕ ನರಳಿ, ತಾನು ಆರಿಯಸ್‌ನದಾಗಿದ್ದು ನೋಡಿ ಬೆರಗಾಯಿತು ಅಂತ ಜೆರೋಮ್ ಬರೆದದ್ದು ಆ ಹೊತ್ತಿನ ಬಗ್ಗೆ. ಆಮೇಲೆ ಕಪದೋಕ್ಯದ ಮೂವರು, ಬೇಸಿಲ್ (ಅಂಕಿರಾದವನಲ್ಲ, ಸಿಸೇರಿಯಾದವನು), ಅವನ ತಮ್ಮ ನಿಸ್ಸಾದ ಗ್ರೆಗರಿ, ಗೆಳೆಯ ನಜಿಯಾನ್ಸಸ್‌ನ ಗ್ರೆಗರಿ, ಪದಗಳ ಗೋಜಲು ಬಿಡಿಸಿದರು. ತಿರುಳು ಒಂದು, ವ್ಯಕ್ತಿಗಳು ಮೂರು ಅಂತ. 325ರಲ್ಲಿ ತಿರುಳು, ವ್ಯಕ್ತಿ ಅನ್ನಲು ಇವರು ಬಳಸಿದ ಎರಡು ಗ್ರೀಕ್ ಪದಗಳನ್ನು ಒಂದೇ ಅರ್ಥದಲ್ಲಿ ಬಳಸಿದ್ದರು, ಅರ್ಧ ಜಗಳ ಅದರಿಂದಲೇ. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ನೈಸಿಯಾ ನಂಬಿಕೆಯ ಪರ ಆಜ್ಞೆ ಹೊರಡಿಸಿದ, 381ರಲ್ಲಿ ಸಭೆ ಮೊಹರು ಹಾಕಿತು.

ಹಾಗಂತ @ಅಡ್ಡಗೋಡೆ_ದೀಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊನೆಯ ಮೊಳೆ ಹೊಡೆದದ್ದು ದೊರೆಯೇ.

ಗಂಟೆಗೋಪುರ

ಸಾಮ್ರಾಜ್ಯದ ಒಳಗೆ ಅಷ್ಟೇ. ಹೊರಗೆ ಗೋಥರು ಅನ್ನುವ ಜರ್ಮಾನಿಕ್ ಬುಡಕಟ್ಟಿನವರಿಗೆ ಉಲ್ಫಿಲಾಸ್ ಅನ್ನುವ ಬಿಷಪ್ ಲಿಪಿಯನ್ನೇ ಮಾಡಿಕೊಟ್ಟು ಬೈಬಲ್ ಅನುವಾದಿಸಿದ್ದ. ಅವನು ನೈಸಿಯಾ ಒಪ್ಪದವನು. ಅರಸುಗಳ ಗ್ರಂಥಗಳನ್ನು ಮಾತ್ರ ಬಿಟ್ಟನಂತೆ, ಗೋಥರಿಗೆ ಯುದ್ಧದ ಹುಚ್ಚು ಈಗಾಗಲೇ ಜಾಸ್ತಿ ಇದೆ ಅಂತ. ಸ್ಪೇನಿನ ಗೋಥರು ಅಧಿಕೃತವಾಗಿ ಕ್ಯಾಥೊಲಿಕ್ ಆದದ್ದು 589ರಲ್ಲಿ.

ಬೆಳ್ತಂಗಡಿ_ರಬ್ಬರ್

ನಮ್ಮ ಕಡೆಗೂ ಇದರ ಬಿಸಿ ತಟ್ಟಿದೆ ಗೊತ್ತಾ? ನಮ್ಮ ಅಜ್ಜ ಕೇರಳದಿಂದ ರಬ್ಬರ್ ಹಾಕಲು ಬಂದವರು. ನಾವು ಸಿರೋ ಮಲಬಾರ್, ಅಂದರೆ ಸಿರಿಯಾಕ್ ಪದ್ಧತಿಯ ಕ್ಯಾಥೊಲಿಕರು. ಬೆಳ್ತಂಗಡಿಗೆ ಪ್ರತ್ಯೇಕ ಧರ್ಮಪ್ರಾಂತ್ಯ ಆದದ್ದು 1999ರಲ್ಲಿ. ನಮ್ಮ ಹಳೆಯ ಬಿಷಪರು ಪರ್ಶಿಯಾ ಕಡೆಯ ಪೂರ್ವದ ಸಭೆಯಿಂದ ಬರುತ್ತಿದ್ದರು. ಆ ಸಭೆಗೆ ಪಶ್ಚಿಮದವರು ನೆಸ್ಟೋರಿಯನ್ ಅಂತ ಹಣೆಪಟ್ಟಿ ಹಚ್ಚಿದರು. 1599ರಲ್ಲಿ ಪೋರ್ಚುಗೀಸರು ಉದಯಂಪೇರೂರಿನಲ್ಲಿ ಸಭೆ ಮಾಡಿ ಅದರ ಹೆಸರಲ್ಲಿ ನಮ್ಮ ಸಿರಿಯಾಕ್ ಪುಸ್ತಕಗಳನ್ನು ಸುಡಿಸಿದರು. 1653ರಲ್ಲಿ ಜನ ಮಟ್ಟಾಂಚೇರಿಯಲ್ಲಿ ಸೇರಿ ಕೂನನ್ ಕುರಿಶು (ಬಾಗಿದ ಶಿಲುಬೆ) ಪ್ರತಿಜ್ಞೆ ಮಾಡಿ ತಿರುಗಿಬಿದ್ದರು. ಎಲ್ಲೋ 5ನೇ ಶತಮಾನದ ಜಗಳ, ಕೊಚ್ಚಿ ಪಕ್ಕದಲ್ಲಿ ಸಾವಿರ ವರ್ಷ ಆದಮೇಲೆ ಬೆಂಕಿ.

ನೈಸಿಯಾದಲ್ಲಿ "ಪರ್ಶಿಯಾ ಮತ್ತು ಮಹಾ ಇಂಡಿಯಾದ ಯೋಹಾನ" ಅಂತ ಒಬ್ಬ ಇದ್ದ ಅಂತಲೂ ನಮ್ಮಲ್ಲಿ ಹೇಳುತ್ತಾರೆ.

ಎರಡು_ಚುಕ್ಕೆ

ಆ ಹೆಸರು 'ಇಂಡಿಯಾ' ಸಮೇತ ಸಿಗುವುದು 5ನೇ ಶತಮಾನದ ಕೊನೆಯ ಗೆಲಾಸಿಯಸ್ ಬರಹದಲ್ಲಿ. ಆ ಕಾಲದಲ್ಲಿ ಇಂಡಿಯಾ ಅಂದರೆ ಅರೇಬಿಯಾ, ಇಥಿಯೋಪಿಯಾ ಕೂಡ ಆಗಬಹುದಿತ್ತು. ಅದರ ಮೇಲೆ ಮನೆ ಕಟ್ಟಬೇಡಿ.

ಸುಮ್ನೆ_ಕೇಳ್ದೆ

ನೆಸ್ಟೋರಿಯನ್ ಅಂದರೆ ಏನು? ಚಿಕ್ಕದಾಗಿ ಹೇಳಿ, ಪ್ಲೀಸ್.

ಹಳೇ_ಪುಸ್ತಕ

ಚಿಕ್ಕದಾಗಿ: ನೆಸ್ಟೋರಿಯಸ್ 428ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿಷಪ್ ಆದ. ಮರಿಯಳನ್ನು 'ದೇವರನ್ನು ಹೆತ್ತವಳು' ಅನ್ನುವ ಬದಲು 'ಕ್ರಿಸ್ತನನ್ನು ಹೆತ್ತವಳು' ಅನ್ನಿ ಅಂದ. ಅಲೆಕ್ಸಾಂಡ್ರಿಯಾದ ಸಿರಿಲ್ ಹಿಡಿದುಕೊಂಡ. 431ರಲ್ಲಿ ಎಫೆಸದಲ್ಲಿ ಸಭೆ. ಅಂತಿಯೋಕ್ಯದವರು ಬರುವ ಮೊದಲೇ ಸಿರಿಲ್ ಸಭೆ ಶುರು ಮಾಡಿ ನೆಸ್ಟೋರಿಯಸ್‌ನನ್ನು ಇಳಿಸಿಬಿಟ್ಟ. ಊರಿನವರು ಪಂಜು ಹಿ‌ಡಿದು ಬಿಷಪರನ್ನು ಮನೆ ಮುಟ್ಟಿಸಿದರು. ನಾಲ್ಕು ದಿನ ತಡವಾಗಿ ಬಂದ ಅಂತಿಯೋಕ್ಯದವರು ತಮ್ಮದೇ ಸಭೆ ಮಾಡಿ ಸಿರಿಲ್‌ನನ್ನೇ ಇಳಿಸಿದರು. ಚಕ್ರವರ್ತಿ ಇಬ್ಬರನ್ನೂ ಕೂಡಿಹಾಕಿದ. ಸಿರಿಲ್ ಅರಮನೆಯವರಿಗೆ ಚಿನ್ನ, ರತ್ನಗಂಬಳಿ, ದಂತದ ಪೀಠ ಕಳಿಸಿ ಬಿಡಿಸಿಕೊಂಡ. ಕಾಣಿಕೆಯ ಪಟ್ಟಿ ಉಳಿದಿದೆ. ನೆಸ್ಟೋರಿಯಸ್ ಈಜಿಪ್ಟಿನ ಮರಳುಗಾಡಲ್ಲಿ ಸತ್ತ.

ಅಡ್ಡಗೋಡೆ_ದೀಪ

ರತ್ನಗಂಬಳಿ! ನನಗೆ ಇನ್ನು ಹೇಳುವುದಕ್ಕೆ ಏನೂ ಇಲ್ಲ.

ಬೆಳ್ತಂಗಡಿ_ರಬ್ಬರ್

ಒಂದು ಮಾತು ಸೇರಿಸುತ್ತೇನೆ. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಪೂರ್ವದ ಸಭೆಯ ಮುಖ್ಯಸ್ಥರು ಸೇರಿ, ಎರಡು ಬಿರುದಿನ ಹಿಂದೆ ಇರುವ ನಂಬಿಕೆ ಒಂದೇ ಅಂತ ಸಹಿ ಹಾಕಿದರು. ತ್ರಿಶ್ಶೂರಿನಲ್ಲಿ ಆ ಸಭೆಯವರು ಈಗಲೂ ಇದ್ದಾರೆ. ಸುಟ್ಟ ಪುಸ್ತಕ ಮಾತ್ರ ವಾಪಸ್ ಬರಲಿಲ್ಲ.

ಕರಾವಳಿ_ಕೊಡೆ

ನೈಸಿಯಾ ಈಗಿನ ಟರ್ಕಿಯ ಇಜ್ನಿಕ್. 1700 ವರ್ಷ ತುಂಬಿತು ಅಂತ 2025ರ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಅಲ್ಲಿಗೆ ಹೋಗಿದ್ದರು. ಕೆರೆಯ ನೀರಿನಲ್ಲಿ ಮುಳುಗಿದ್ದ ಹಳೇ ಚರ್ಚಿನ ತಳಪಾಯದ ಹತ್ತಿರ ನಿಂತು ಪ್ರಾರ್ಥನೆ ಮಾಡಿದ್ದನ್ನು ಫೋನಿನಲ್ಲಿ ನೋಡಿದ್ದೆ. ಆಗ ಇಷ್ಟೆಲ್ಲ ಗೊತ್ತಿದ್ದರೆ ಪೂರ್ತಿ ನೋಡುತ್ತಿದ್ದೆ.

ಸುಮ್ನೆ_ಕೇಳ್ದೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗೆಳೆಯನ ಮನೆಗೆ ಹೋಗಿದ್ದೆ. ಆಂಟಿಗೆ ಆರಿಯಸ್ ಕಥೆ ಪೂರ್ತಿ ಹೇಳಿದೆ. ಮೂರನೇ ಕೈ ವಿಷಯಕ್ಕೆ ನಕ್ಕರು. ಆಮೇಲೆ "ಅದೆಲ್ಲ ನಮಗೆ ಯಾರು ಹೇಳಿಕೊಟ್ಟರು ಮಗಾ? 'ಮನುಷ್ಯರಾದರು' ಅನ್ನುವ ಜಾಗ ಬಂದಾಗ ತಲೆ ಬಗ್ಗಿಸಬೇಕು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದರು, ಬಗ್ಗಿಸುತ್ತೇನೆ" ಅಂದರು. ಹೇಳುವಾಗಲೂ ತಲೆ ಸ್ವಲ್ಪ ಬಾಗಿತು.

@ರಾತ್ರಿಪಾಳಿ ಮೊದಲೇ ಕೇಳಿದ್ದಿರಿ, ಉತ್ತರ ಬಾಕಿ ಇತ್ತು. ಊಟಕ್ಕೆ ಬಿರಿಯಾನಿ.

ರಾತ್ರಿಪಾಳಿ

ಬಿರಿಯಾನಿನಾ, ಪಲಾವಾ? ಸರಿಯಾಗಿ ಹೇಳಿ.

ಸುಮ್ನೆ_ಕೇಳ್ದೆ

ದಮ್ ಕಟ್ಟಿದ್ದು, ಆದರೆ ಬೆರೆಸಿದ್ದಲ್ಲ.

ಎರಡು_ಚುಕ್ಕೆ

ಸಭೆ ಕರೆಯಬೇಕಾಗುತ್ತೆ.